ಅಲಂಕಾರದ ಮೀನುಗಳ ಕಲಹವೂ ಅದರ ನಿವಾರಣೆಯೂ

ಮನೆಯ ಗಾಜಿನ ತೊಟ್ಟಿಯಲ್ಲಿಯೂ ತೋಟದ ಸಿಮೆಂಟಿನ ತೊಟ್ಟಿಯಲ್ಲಿಯೂ ಅಲಂಕಾರದ ಮೀನುಗಳನ್ನು ಸಾಕುವುದು ಈಚೆಗೆ ಕೆಲವು ರೈತರಿಗೆ ಉಪಕಸುಬಾಗಿ ಪರಿಣಮಿಸಿದೆ. 2020ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿಯೂ ಈ ಕಸುಬಿಗೆ ಸಹಾಯಧನವು ಏರ್ಪಟ್ಟಿತು. ಆದರೆ ಹಣ ತೆತ್ತು ತಂದ ಮೀನುಗಳು ಒಂದನ್ನೊಂದು ಕಚ್ಚಿ ಸಾಯಲಾರಂಭಿಸಿದರೆ, ಸಾಕುವವರು ಮೀನಿನ ಜಾತಿಯನ್ನೇ ದೂಷಿಸುವರು. ಇದು ನ್ಯಾಯವಲ್ಲ. ಈ ಕಲಹಕ್ಕೆ ಬಹುಮಟ್ಟಿಗೆ ಸಾಕುವವರ ಏರ್ಪಾಡಿನ ದೋಷವೇ ಕಾರಣವು.

ಮೀನುಗಳು ಸ್ಥಳಕ್ಕಾಗಿ, ಆಹಾರಕ್ಕಾಗಿ, ಹೆಣ್ಣಿಗಾಗಿ ಮತ್ತು ಮೊಟ್ಟೆಮರಿಗಳ ರಕ್ಷಣೆಗಾಗಿ ಹೋರಾಡುವುವು. ಥಾಯ್‌ಲೆಂಡ್ ದೇಶದ ಕಾಳಗದ ಮೀನಿನ ಎರಡು ಗಂಡುಗಳನ್ನು ಒಂದೇ ತೊಟ್ಟಿಯಲ್ಲಿ ಬಿಡಲೇಕೂಡದು. ಏಂಜಲ್ ಮೀನು ನೋಡಲು ಸೌಮ್ಯವಾದರೂ, ಜೋಡಿಗೂಡಿ ಮೊಟ್ಟೆಯಿಟ್ಟೊಡನೆ ನೆರೆಯ ಮೀನುಗಳನ್ನು ಅಟ್ಟುವುದು. ಟೈಗರ್ ಬಾರ್ಬ್ ಮೀನುಗಳು ಎರಡು ಮೂರು ಮಾತ್ರವಿದ್ದರೆ ಇತರ ಮೀನುಗಳ ನೀಳವಾದ ರೆಕ್ಕೆಗಳನ್ನು ಕಚ್ಚಿ ಹರಿಯುವುವು. ಎಂಟು ಹತ್ತು ಒಟ್ಟಿಗಿದ್ದರೆ ತಮ್ಮತಮ್ಮಲ್ಲಿಯೇ ಸೆಣಸುತ್ತ ಇತರ ಮೀನುಗಳ ಗೊಡವೆಗೆ ಕಡಿಮೆಯಾಗಿ ಹೋಗುವುವು. ಆದರೂ ಇವುಗಳೊಡನೆ ಮಂದಗತಿಯ ಚಿನ್ನದ ಮೀನನ್ನು ಇಡುವುದು ಯುಕ್ತವಲ್ಲ.

ಆದುದರಿಂದ ಕೊಳ್ಳುವುದಕ್ಕೆ ಮುಂಚೆಯೇ ಆಯಾ ಜಾತಿಯ ಸ್ವಭಾವವನ್ನೂ, ಬೆಳೆದಾಗಿನ ಗಾತ್ರವನ್ನೂ ವಿಚಾರಿಸತಕ್ಕದ್ದು. ಸಣ್ಣ ಮರಿಗಳನ್ನು ದೊಡ್ಡವುಗಳಿಂದ ಆಗಾಗ್ಗೆ ವಿಂಗಡಿಸಬೇಕು. ಕಲ್ಲು, ಮಡಕೆಯ ಚೂರು, ನೀರುಗಿಡಗಳಿಂದ ಮರೆಯ ಸ್ಥಳಗಳನ್ನು ಒದಗಿಸಬೇಕು. ಆಹಾರವನ್ನು ಒಂದೇ ಮೂಲೆಗೆ ಸುರಿಯದೆ ಎರಡು ಮೂರು ಕಡೆ ಹಾಕಬೇಕು. ಹೊಸ ಮೀನನ್ನು ಬಿಡುವ ಮೊದಲು ಕಲ್ಲುಗಳ ಸ್ಥಾನವನ್ನು ಬದಲಾಯಿಸಿದರೆ ಹಳೆಯ ಮೀನುಗಳ ಗಡಿಗಳು ಅಳಿಯುವುವು. ದೀಪವಾರಿಸಿ ಬಿಡುವುದು ಮತ್ತಷ್ಟು ಉತ್ತಮ. ಇಷ್ಟಾದರೂ ಪೀಡಿಸುವ ಮೀನನ್ನು ಬೇರೆ ತೊಟ್ಟಿಗೆ ಸಾಗಿಸಬೇಕು. ಗಾಯಗೊಂಡ ಮೀನಿಗೆ ಬೂಷ್ಟುರೋಗವು ಬೇಗನೆ ತಗಲುವುದರಿಂದ ಅದನ್ನೂ ಪ್ರತ್ಯೇಕವಾಗಿಡುವುದು ಅವಶ್ಯ.

ಜಗಳಗಂಟ ಮೀನನ್ನು ಊರ ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುವುದು ಮಾತ್ರ ಮಹಾಪರಾಧವೇ ಸರಿ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಅಲಂಕಾರಕ್ಕೆಂದು ಬಂದು, ಇಂದು ನಮ್ಮ ದೇಶದ ಹಲವು ಜಲಾಶಯಗಳಲ್ಲಿ ನೆಲೆಸಿದೆ. ಅದು ಬೆಸ್ತರ ಬಲೆಗಳನ್ನು ಹರಿಯುವುದಲ್ಲದೆ ದಡದಲ್ಲಿ ಬಿಲ ತೋಡುವುದು. ಒಬ್ಬನ ಮನೆಯ ತೊಟ್ಟಿಯ ಜಗಳವು ಊರಿನ ಕೆರೆಯ ಏರಿಗೆ ಕೇಡಾಗಬಾರದು. ಗ್ರಾಮದ ಮುಖಂಡರು ಈ ವಿಷಯವನ್ನು ಜನರಿಗೆ ತಿಳಿಯಹೇಳಿ, ಬೇಡವಾದ ಮೀನನ್ನು ಮಾರಿದ ಅಂಗಡಿಗಾಗಲಿ, ಸಾಕಬಲ್ಲ ಬೇರೊಬ್ಬರಿಗಾಗಲಿ ಒಪ್ಪಿಸುವ ಪದ್ಧತಿಯನ್ನು ರೂಢಿಗೆ ತರುವುದು ಶ್ರೇಯಸ್ಕರವು.