ಅರೆಭಾಷೆಗೂ ಅಮರಸುಳ್ಯ ಹೋರಾಟದ ನೆಲೆಗಳಿಗೂ ಮನ್ನಣೆ ಕೋರಿ ಮನವಿ

ಗೆ,
ಮಾನ್ಯ ನಿರ್ದೇಶಕರು,
ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಬೆಂಗಳೂರು

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ದಕ್ಷಿಣ ಕನ್ನಡ, ಮಂಗಳೂರು

ಇಂದ: ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಅರೆಭಾಷಿಕ ನಾಗರಿಕರು

ವಿಷಯ: ಅರೆಭಾಷೆಯ ಕಲಿಕೆ, ದಾಖಲಾತಿ ಹಾಗೂ 1837ರ ಅಮರಸುಳ್ಯ ಹೋರಾಟದ ಸ್ಥಳಗಳ ಸಂರಕ್ಷಣೆ ಕುರಿತು.

ಮಾನ್ಯರೇ,

1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರ್ಕಾರ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ಇದರಿಂದ ಕಂಗೆಟ್ಟ ರೈತರು ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಒಗ್ಗೂಡಿ, 1837ರ ಮಾರ್ಚ್ 30ರಂದು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಪುತ್ತೂರಿನ ಮೂಲಕ ಹಾದು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಏರಿಸಿ 13 ದಿನ ಆಡಳಿತ ನಡೆಸಿದರು. ರಾಮಯ್ಯ ಗೌಡರ ಜತೆಗೆ ನಂದಾವರದ ಬಂಗರಸ, ಹುಲಿಕುಂದ ನಂಜಯ್ಯ ಮುಂತಾಗಿ ಹಲವು ಸಮುದಾಯದವರು ಇದರಲ್ಲಿದ್ದರು. ದಂಗೆ ಅಡಗಿದ ಮೇಲೆ ಅನೇಕರಿಗೆ ಗಲ್ಲಾಯಿತು. ಹೋರಾಟದ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ಸರ್ಕಾರ 2011ರಲ್ಲಿ ಕರ್ನಾಟಕ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿದ್ದನ್ನೂ, 2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡದ್ದನ್ನೂ ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಪ್ರತಿಮೆ ಇರುವುದು ಮಂಗಳೂರಿನಲ್ಲಿ, ಅಕಾಡೆಮಿ ಕಚೇರಿ ಇರುವುದು ಮಡಿಕೇರಿಯಲ್ಲಿ. ಹೋರಾಟ ಹುಟ್ಟಿದ ಊರುಗಳಲ್ಲಿ, ಹೋರಾಡಿದವರಲ್ಲಿ ಅನೇಕರ ಮನೆಮಾತಾದ ಅರೆಭಾಷೆ ಶಾಲೆಯ ಬಾಗಿಲಲ್ಲೇ ನಿಂತುಬಿಡುತ್ತಿದೆ. ಜನಗಣತಿಯ ಪಟ್ಟಿಗಳಲ್ಲಿ ಅರೆಭಾಷಿಕರ ಪ್ರತ್ಯೇಕ ಲೆಕ್ಕ ಸಿಗುವುದಿಲ್ಲ. ಸೋಬಾನೆ ಹಾಡುವ, ಸಿದ್ಧವೇಷ ಕುಣಿಯುವ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಹೋರಾಟಕ್ಕೆ ಗೌರವ ಸಲ್ಲುವುದಾದರೆ ಅದರ ನೆಲಕ್ಕೂ ನುಡಿಗೂ ಒಟ್ಟಿಗೇ ಸಲ್ಲಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು:

1. ಬೆಳ್ಳಾರೆಯ ಬಂಗ್ಲೆಗುಡ್ಡೆಯಲ್ಲಿರುವ ಹಳೆಯ ಖಜಾನೆ ಕಟ್ಟಡವನ್ನು ಸಂರಕ್ಷಿತ ಸ್ಮಾರಕವಾಗಿ ಕಾಪಾಡಬೇಕು. ಉಬರಡ್ಕ ಮಿತ್ತೂರು ಸೇರಿದಂತೆ ಹೋರಾಟದ ನೆಲೆಗಳನ್ನು ಗುರುತಿಸಿ, ಕನ್ನಡ, ತುಳು, ಅರೆಭಾಷೆಗಳಲ್ಲಿ ಮಾಹಿತಿ ಫಲಕ ಹಾಕಬೇಕು.

2. ತುಳುವಿಗೆ ತೃತೀಯ ಭಾಷೆಯಾಗಿ ಅವಕಾಶ ಕೊಟ್ಟ ಮಾದರಿಯಲ್ಲೇ, ಮೂರೂ ತಾಲ್ಲೂಕುಗಳ ಆಸಕ್ತ ಶಾಲೆಗಳಲ್ಲಿ ಅರೆಭಾಷೆಯನ್ನು ಐಚ್ಛಿಕವಾಗಿ ಕಲಿಸಲು ಶಿಕ್ಷಣ ಇಲಾಖೆಗೆ ಶಿಫಾರಸು ಮಾಡಬೇಕು.

3. ಅರೆಭಾಷಿಕರ ಸಂಖ್ಯೆ, ಹರಡುವಿಕೆ ಕುರಿತು ರಾಜ್ಯ ಸರ್ಕಾರವೇ ಸಮೀಕ್ಷೆ ನಡೆಸಬೇಕು. ಗೌಡ ಸಮುದಾಯದವರಲ್ಲದೆ ಈ ಮಾತನ್ನಾಡುವ ಇತರ ಸಮುದಾಯದವರನ್ನೂ ಅದರಲ್ಲಿ ಸೇರಿಸಬೇಕು.

4. ಸುಳ್ಯದಲ್ಲಿ ಅಕಾಡೆಮಿಯ ಶಾಖಾ ಕಚೇರಿ, ಗ್ರಂಥಾಲಯ ತೆರೆಯಬೇಕು. ಹಾಡು, ಗಾದೆ, ಐತಿಹ್ಯಗಳನ್ನು ಹಿರಿಯರಿಂದ ಧ್ವನಿಮುದ್ರಿಸಿ ಅಲ್ಲಿ ಇಡಬೇಕು.

5. ಪ್ರತಿವರ್ಷ ಏಪ್ರಿಲ್ 5ನ್ನು ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಅಧಿಕೃತವಾಗಿ ಆಚರಿಸಿ, ಎಲ್ಲ ಸಮುದಾಯಗಳ ಹುತಾತ್ಮರನ್ನೂ ಸ್ಮರಿಸಬೇಕು.

ಇವು ಕನ್ನಡಕ್ಕೆ ಎದುರಾದ ಬೇಡಿಕೆಗಳಲ್ಲ. ತುಳುವಿನ ಪಾಲನ್ನೂ ನಾವು ಕೇಳುತ್ತಿಲ್ಲ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡಿಕೊಂಡೇ ಬೆಳೆದವರು ನಾವು. ಮೊದಲ ಎರಡು ಬೇಡಿಕೆಗಳನ್ನು ಮುಂಬರುವ ಆಯವ್ಯಯದಲ್ಲಿ ಸೇರಿಸಿ, ಉಳಿದವುಗಳ ಬಗ್ಗೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಅರೆಭಾಷಿಕ ನಾಗರಿಕರು