ಲಾರ್ಚ್ ಮರಕ್ಕೆ ‘ತಪ್ಪು’ ಗುರುತು ಹಾಕಬೇಡಿ



ಶಂಕುಧಾರಿ ಮರಗಳ ಲಕ್ಷಣ ಹೇಳಿ ಅಂದರೆ ನಮ್ಮ ತರಗತಿಗಳಲ್ಲಿ ಉತ್ತರ ಒಂದೇ ಉಸಿರಿಗೆ ಬರುತ್ತದೆ: ‘ಸೂಜಿಯಂಥ ಎಲೆ, ಬೀಜ ಹೊರುವ ಶಂಕು, ವರ್ಷವಿಡೀ ಹಸಿರು.’ ನೀಲಗಿರಿಯ ಮಕ್ಕಳು ಪೈನ್, ಸೈಪ್ರೆಸ್ ಮರಗಳನ್ನು ಕಣ್ಣಾರೆ ಕಂಡವರು. ಅವಕ್ಕೆ ಈ ಉತ್ತರ ಸರಿಯಾಗಿಯೇ ಹೊಂದುತ್ತದೆ. ಆದರೆ ಲಾರ್ಚ್ ಎಂಬ ಮರದ ಮುಂದೆ ಮೂರನೇ ಮಾತು ಬಿದ್ದುಹೋಗುತ್ತದೆ. ಅದು ಶಂಕುಧಾರಿಯೇ. ಎಲೆಯೂ ಸೂಜಿಯೇ. ಆದರೂ ಚಳಿಗಾಲ ಬಂತೆಂದರೆ ಎಲೆಗಳನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಇಂಥ ಬೇರೆ ಕೆಲವು ಶಂಕುಧಾರಿಗಳೂ ಇವೆ.

‘ಪರೀಕ್ಷೆಗೆ ಲಾರ್ಚ್ ಬರೋದಿಲ್ಲ, ನಮಗ್ಯಾಕೆ?’ ಅಂತ ಕೆಲವರು ಕೇಳಬಹುದು. ನನ್ನ ಅಭಿಪ್ರಾಯ ಇಷ್ಟೇ: ನಿಯಮವನ್ನು ಬಾಯಿಪಾಠ ಮಾಡಿದವನಿಗಿಂತ, ನಿಯಮ ಎಲ್ಲಿ ತಪ್ಪುತ್ತದೆ, ಏಕೆ ತಪ್ಪುತ್ತದೆ ಎಂದು ಕೇಳಿದವನು ಹೆಚ್ಚು ವಿಜ್ಞಾನ ಕಲಿತಿರುತ್ತಾನೆ. ಲಾರ್ಚ್ ಈ ಪಾಠಕ್ಕೆ ಒಳ್ಳೆಯ ಗುರು.

ಮೊದಲು ಅದರ ಊರು ನೋಡೋಣ. ಸೈಬೀರಿಯಾ, ಯುರೋಪಿನ ಆಲ್ಪ್ಸ್, ಜಪಾನ್, ಉತ್ತರ ಅಮೆರಿಕ, ಇವು ಲಾರ್ಚ್‌ನ ನೆಲೆಗಳು. ನಮ್ಮ ದೇಶದಲ್ಲೂ ಇದೆ. ಸಿಕ್ಕಿಂನ ಎತ್ತರದ ಕಣಿವೆಗಳಲ್ಲಿ ಹಿಮಾಲಯದ ಲಾರ್ಚ್ ಬೆಳೆಯುತ್ತದೆ. ಪೂರ್ವ ಸೈಬೀರಿಯಾದಲ್ಲಂತೂ ಅಡಿಯ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗುತ್ತದೆ. ಆ ತೆಳು ಪದರದಲ್ಲೇ ಬೇರು ಹರಡಿ ಲಾರ್ಚ್ ಕಾಡಾಗಿ ನಿಂತಿದೆ.

ಈಗ ‘ಏಕೆ’ ಎಂಬ ಪ್ರಶ್ನೆ. ಚಳಿಗಾಲದಲ್ಲಿ ಅಲ್ಲಿ ನೀರಿದೆ, ಆದರೆ ಮಂಜುಗಡ್ಡೆಯಾಗಿದೆ. ಬೇರು ಅದನ್ನು ಹೀರಲಾರದು. ಎಲೆಗಳಿದ್ದರೆ ಗಾಳಿ, ಬಿಸಿಲಿಗೆ ಇದ್ದ ನೀರೂ ಆವಿಯಾಗುತ್ತದೆ. ಪೈನ್ ಮರ ಎಲೆಗೆ ದಪ್ಪ ಮೇಣದ ಹೊದಿಕೆ ಹಾಕಿ ಇದನ್ನು ತಡೆಯುತ್ತದೆ. ಲಾರ್ಚ್ ಬೇರೆ ದಾರಿ ಹಿಡಿದಿದೆ: ಕಡಿಮೆ ಖರ್ಚಿನ ತೆಳುವಾದ, ಮೃದುವಾದ ಎಲೆ ಮಾಡುತ್ತದೆ, ಬೇಸಿಗೆಯಲ್ಲಿ ದುಡಿಸಿಕೊಳ್ಳುತ್ತದೆ, ಚಳಿಗೆ ಮೊದಲು ಎಲೆಯಲ್ಲಿರುವ ಸಾರಜನಕದಲ್ಲಿ ಬಹುಪಾಲನ್ನು ಒಳಗೆ ಎಳೆದುಕೊಂಡು ಉಳಿದದ್ದನ್ನು ಉದುರಿಸುತ್ತದೆ.

ನಮ್ಮ ತೇಗದ ಮರ ಏನು ಮಾಡುತ್ತೆ? ಮಳೆಯಿಲ್ಲದ ತಿಂಗಳುಗಳಲ್ಲಿ ಎಲೆ ಉದುರಿಸುತ್ತದೆ. ವಯನಾಡಿನಲ್ಲೋ ತಾಳವಾಡಿ ಕಡೆಯೋ ಇದ್ದರೆ ನೀವೇ ನೋಡಿರುತ್ತೀರಿ. ಅಲ್ಲಿ ಚಳಿ, ಇಲ್ಲಿ ಒಣಹವೆ. ಆದರೆ ತೊಂದರೆ ಒಂದೇ, ನೀರಿನ ಕೊರತೆ. ವರ್ಗೀಕರಣದ ಪಟ್ಟಿಯಲ್ಲಿ ತೇಗ, ಲಾರ್ಚ್ ಎರಡೂ ದೂರದೂರ. ಬದುಕುವ ಉಪಾಯದಲ್ಲಿ ಹತ್ತಿರದ ನೆಂಟರು. ‘ನಿತ್ಯಹರಿದ್ವರ್ಣ’ ಎಂಬ ಒಂದು ಪದ ಬರೆದು ಮುಂದೆ ಹೋದರೆ ಈ ನೆಂಟಸ್ತಿಕೆ ಕಾಣುವುದೇ ಇಲ್ಲ.

ಎಲೆ ಉದುರುವ ಮುಂಚಿನ ಕೆಲವು ದಿನ ಬೆಟ್ಟಕ್ಕೆ ಬೆಟ್ಟವೇ ಹೊಂಬಣ್ಣ. ಆಲ್ಪ್ಸ್‌ನಲ್ಲಿ ಅಕ್ಟೋಬರ್ ಹೊತ್ತಿಗೆ ಜನ ಇದನ್ನು ನೋಡಲೆಂದೇ ನಡೆದು ಹೋಗುತ್ತಾರೆ. ವಸಂತದಲ್ಲಿ ಬೋಳು ಕೊಂಬೆಯ ಮೇಲೆ ಎಳೆಹಸಿರು ಸೂಜಿಗಳ ಗೊಂಚಲು, ನಡುನಡುವೆ ಗುಲಾಬಿ ಬಣ್ಣದ ಎಳೆಯ ಶಂಕುಗಳು. ಹೀಗೆ ನೋಡಿ ಖುಷಿಪಡುವುದೂ ವಿಜ್ಞಾನದ ಕೆಲಸವೇ. ಒಂದೇ ಮರವನ್ನು ನಾಲ್ಕು ಋತುವಿನಲ್ಲಿ ನೋಡಿದವರಿಗೆ ಮಾತ್ರ ಅದರ ಲೆಕ್ಕಾಚಾರ ಗೊತ್ತಾಗುತ್ತದೆ.

ಇನ್ನೊಂದು ಪದವೂ ಲಾರ್ಚ್ ಮುಂದೆ ಸೋಲುತ್ತದೆ: ‘ಮೆದುಮರ’. ಶಂಕುಧಾರಿಗಳ ಮರಕ್ಕೆಲ್ಲ ಇದೇ ಹೆಸರು. ಹೂಬಿಡುವ ಅಗಲ ಎಲೆಯ ಮರಗಳದ್ದೆಲ್ಲ ‘ಗಟ್ಟಿಮರ’. ಈ ಲೆಕ್ಕದಲ್ಲಿ ಬೆಂಕಿಕಡ್ಡಿಗೆ ಬಳಸುವ ಹಗುರ ಬೂರುಗ ಗಟ್ಟಿಮರ, ದೋಣಿ ಕಟ್ಟುವ ಲಾರ್ಚ್ ಮೆದುಮರ! ಒಣಗಿದ ಲಾರ್ಚ್‌ನ ಸಾಂದ್ರತೆ ಘನಮೀಟರಿಗೆ ಸುಮಾರು 550ರಿಂದ 600 ಕಿಲೋಗ್ರಾಂ. ತೇಗದ್ದು ಸುಮಾರು 650. ಅಂಥ ದೊಡ್ಡ ಅಂತರ ಇಲ್ಲ ಅಲ್ವಾ?

ಲಾರ್ಚ್ ಜೊತೆ ಕೆಲಸ ಮಾಡುವ ಬಡಗಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತು. ಅದರ ಚೇಗು ಕೆಂಗಂದು. ಉಂಗುರಗಳಲ್ಲಿ ಒಂದು ಪಟ್ಟಿ ಮೆದು, ಪಕ್ಕದ್ದು ಗಡಸು. ಹಾಗಾಗಿ ನಯಮಾಡುವುದು ಸುಲಭವಲ್ಲ. ರಾಳ ಗರಗಸಕ್ಕೆ ಅಂಟಿಕೊಳ್ಳುತ್ತದೆ. ಹಲಗೆಯ ತುದಿಗೆ ನೇರವಾಗಿ ಮೊಳೆ ಹೊಡೆದರೆ ಸೀಳುತ್ತದೆ. ಮೊದಲು ಬೈರಿಗೆಯಿಂದ ತೂತು ಕೊರೆಯಬೇಕು. ಆದರೆ ಇದೇ ರಾಳ ತುಂಬಿದ ಚೇಗು ಮಳೆಗೆ ಬೇಗ ಕೊಳೆಯುವುದಿಲ್ಲ. ಅದಕ್ಕೇ ಆಲ್ಪ್ಸ್‌ನ ಮನೆಗಳಿಗೆ ಹೆಂಚಿನ ಬದಲು ಲಾರ್ಚ್ ಚಕ್ಕೆ ಹೊದಿಸುತ್ತಾರೆ. ಬಣ್ಣ ಬಳಿಯದಿದ್ದರೆ ಬಿಸಿಲು ಮಳೆಗೆ ಬೆಳ್ಳಿಯಂಥ ಬೂದು ಬಣ್ಣಕ್ಕೆ ತಿರುಗುತ್ತದೆ.

ಅಲ್ತಾಯ್ ಪರ್ವತಗಳ ಪಜಿರಿಕ್ ಸಮಾಧಿಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಲಾರ್ಚ್ ದಿಮ್ಮಿಗಳು ಸಿಕ್ಕಿವೆ. ಇಲ್ಲೂ ಅವಸರದ ತೀರ್ಮಾನ ಬೇಡ. ಮರದ ಗುಣದ ಜೊತೆ ಅಲ್ಲಿನ ಮಂಜುಗಡ್ಡೆಯೂ ಅವನ್ನು ಕಾಪಾಡಿದೆ.

ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ಮಾವ, ಅಜ್ಜ ಮರಗೆಲಸದವರು. ಕೈಯಲ್ಲಿ ಹಿಡಿದರೆ ಸಾಕು, ಯಾವ ಮರ, ಎಷ್ಟು ಒಣಗಿದೆ ಅಂತ ಹೇಳಿಬಿಡುತ್ತಾರೆ. ಅದು ವಿಜ್ಞಾನವಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ. ಅವರ ಬಳಿ ಹೋಗಿ ನಾಲ್ಕು ಜಾತಿಯ ಮರದ ತುಂಡು ಕೇಳಿ ತನ್ನಿ. ಉದ್ದ, ಅಗಲ, ದಪ್ಪ ಅಳೆಯಿರಿ, ಶಾಲೆಯ ತಕ್ಕಡಿಯಲ್ಲಿ ತೂಗಿ. 10 ಸೆಂ.ಮೀ. ಉದ್ದ, 5 ಅಗಲ, 2 ದಪ್ಪದ ತುಂಡು 100 ಘನ ಸೆಂ.ಮೀ.; ಅದು 58 ಗ್ರಾಂ ತೂಗಿದರೆ ಸಾಂದ್ರತೆ 0.58. ಲಾರ್ಚ್ ನಿಮಗೆ ಸಿಗಲಿಕ್ಕಿಲ್ಲ. ಹಲಸು, ಬೇವು, ತೇಗ, ಬೂರುಗ ಸಿಗುತ್ತವೆ. ಉಗುರಿನಿಂದ ಗೀರಿ, ಯಾವುದು ನಿಜವಾಗಿ ಮೆದು ಅಂತ ಬರೆದಿಡಿ.

ಆಮೇಲೆ ಟಿಪ್ಪಣಿ ಪುಸ್ತಕ ತೆಗೆದು ‘ಶಂಕುಧಾರಿಗಳು ನಿತ್ಯಹರಿದ್ವರ್ಣ’ ಎಂಬ ಸಾಲಿನಲ್ಲಿ ‘ಬಹುತೇಕ’ ಎಂಬ ಒಂದು ಪದ ಸೇರಿಸಿ. ಯಾಕೆ ಸೇರಿಸಿದೆ ಅಂತ ಮೇಷ್ಟ್ರು ಕೇಳಿದರೆ ಕಾರಣ ಹೇಳಿ. ಕಾರಣ ಹೇಳುವ ಮಗುವಿಗೆ ಅಂಕ ಕೊಡುವುದು ನಮ್ಮ, ಅಂದರೆ ಶಿಕ್ಷಕರ, ಕೆಲಸ.