ಕಾಣದ ಅಂಗಡಿಯ ಚೌಕಾಶಿ

ಉತ್ತರ ಕರ್ನಾಟಕದ ದನದ ಸಂತೆಗಳಲ್ಲಿ ಒಂದು ಹಳೆಯ ರೂಢಿಯುಂಟು. ಎತ್ತನ್ನು ಕೊಳ್ಳುವವನೂ ಮಾರುವವನೂ, ಅಥವಾ ಅವರ ಪರವಾಗಿ ದಲ್ಲಾಳಿಯೂ, ಕೈಗೆ ಕೈ ಕೊಟ್ಟು ಅದರ ಮೇಲೊಂದು ಟವೆಲನ್ನು ಹೊದಿಸುತ್ತಾರೆ. ಬಟ್ಟೆಯ ಮರೆಯಲ್ಲಿ ಬೆರಳುಗಳು ಮಾತನಾಡುತ್ತವೆ. ಹಿಡಿದ ಬೆರಳೆಷ್ಟು, ಒತ್ತಿದ್ದು ಹೇಗೆ ಎಂಬುದರ ಮೇಲೆ ಬೆಲೆ ಏರುತ್ತದೆ, ಇಳಿಯುತ್ತದೆ. ಸುತ್ತ ನೆರೆದ ಜನಕ್ಕೆ ಅಂಕಿ ತಿಳಿಯದು. ವ್ಯವಹಾರ ಕುದುರದಿದ್ದರೆ ಬಟ್ಟೆ ಸರಿಸಿ ಇಬ್ಬರೂ ಜೊತೆಯಾಗಿ ಚಹ ಕುಡಿಯಲು ಹೋಗಬಹುದು. ಹೆಚ್ಚು ಕೇಳಿದವನಿಗೆ ಅಪಮಾನವಿಲ್ಲ, ಕಡಿಮೆ ಹೇಳಿದವನಿಗೆ ನಾಚಿಕೆಯಿಲ್ಲ.

ಈಗ ಎತ್ತಿನ ಸ್ಥಾನದಲ್ಲಿ ಹಳೆಯ ನಾಣ್ಯ, ಅಂಚೆಚೀಟಿ, ಛಾಪಾ ಕಾಗದ, ಹಿತ್ತಾಳೆಯ ಅಡಕೊತ್ತು ಬಂದಿವೆ. ಟವೆಲಿನ ಸ್ಥಾನದಲ್ಲಿ ಮೊಬೈಲಿನ ಗಾಜು ಬಂದಿದೆ. ಮರೆಯೇನೋ ಉಂಟು. ಆದರೆ ಮರೆಯ ಹಿಂದಿನ ಕೈ ಬೆಚ್ಚಗಿದೆಯೋ ತಣ್ಣಗಿದೆಯೋ, ಅದು ನಡುಗುತ್ತಿದೆಯೋ ಎಂಬುದು ತಿಳಿಯುವಂತಿಲ್ಲ. ಸಂತೆಯಲ್ಲಿ ತಾನಾಗಿಯೇ ಬರುತ್ತಿದ್ದ ಮರ್ಯಾದೆಯನ್ನು ಇಲ್ಲಿ ನೆನಪಿಟ್ಟುಕೊಂಡು ತರಬೇಕಾಗಿದೆ.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಊರೇನೋ ಕಲ್ಪನೆಯದಲ್ಲ. ಸರಕಾರದ ದಾರಿ ಕಾಯದೆ, ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬಾಂದಾರ ಕಟ್ಟಿಕೊಂಡ ಊರದು. ‘ಶ್ರಮಬಿಂದು ಸಾಗರ’ ಎಂಬ ಹೆಸರು ಅದಕ್ಕೆ ಅನ್ವರ್ಥವಾಗಿಯೇ ಇದೆ. ರೂಪಾಯಿಯ ಬೆಲೆಯನ್ನು ಅಂಥ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮಾಳಿಗೆಯ ಮೇಲಿನ ಟ್ರಂಕಿನೊಳಗಿರುವ ವಸ್ತುವಿನ ಬೆಲೆ ಬೇರೆಯ ಮಾತು.

ಆ ಮನೆಯ ಸೊಸೆ ಟ್ರಂಕನ್ನು ತೆರೆದಾಗ ದೊರೆತದ್ದು ಮೂರು ಬಗೆಯ ಸಾಮಗ್ರಿ. ಒಂದು ಹಿಡಿ ತೂತಿನ ಕಾಸು. ಮಕ್ಕಳು ಶಾಲೆಯ ದಿನಗಳಲ್ಲಿ ಕೂಡಿಟ್ಟ ಅಂಚೆಚೀಟಿಗಳು, ಅವುಗಳಲ್ಲಿ 2005ರಲ್ಲಿ ಅಂಚೆ ಇಲಾಖೆ ಹೊರಡಿಸಿದ ಮುಧೋಳ ನಾಯಿಯ ಚೀಟಿಯೂ ಒಂದು. ಕೊನೆಗೆ, ಮಾವನವರ ತಂದೆಯ ಕಾಲದ ಇಪ್ಪತ್ತೆರಡು ಹಾಳೆ ಛಾಪಾ ಕಾಗದ, ಜಮಖಂಡಿ ಸಂಸ್ಥಾನದ್ದು.

ತೂತಿನ ಕಾಸನ್ನು ಕಂಡೊಡನೆ ನೆರೆಮನೆಯ ಹುಡುಗ, ‘ಇದಕ್ಕ ಲಕ್ಷ ಬರ್ತೈತ್ರಿ ಅಕ್ಕಾರ, ಯೂಟ್ಯೂಬಿನ್ಯಾಗ ನೋಡೀನಿ’ ಎಂದನು. ಈ ಒಂದು ವಾಕ್ಯದಿಂದ ಎಷ್ಟು ಮನೆಗಳ ನೆಮ್ಮದಿ ಕೆಟ್ಟಿದೆಯೋ! 1943ರಿಂದ 1947ರವರೆಗೆ ಅಚ್ಚಾದ ಆ ಕಂಚಿನ ಕಾಸು ಕೋಟಿಗಟ್ಟಲೆ ಹೊರಬಂದಿತ್ತು. ಹೇರಳವಾಗಿ ಸಿಗುವುದಕ್ಕೆ ಸಂಗ್ರಾಹಕನು ಕೊಡುವುದು ಅಲ್ಪವೇ. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯ, 786 ಅಂಕಿಯಿರುವ ನೋಟು ಎಲ್ಲಕ್ಕೂ ಇದೇ ಕಥೆ. ಲಕ್ಷದ ಆಸೆ ಹುಟ್ಟಿದ ಮನೆಗೆ ಮರುದಿನ ಒಂದು ಕರೆ ಬರುತ್ತದೆ: ‘ನಿಮ್ಮ ನಾಣ್ಯ ಮಾರಾಟವಾಗಿದೆ, ಮೊದಲು ನೋಂದಣಿ ಶುಲ್ಕ ಕಟ್ಟಿರಿ, ಆಮೇಲೆ ತೆರಿಗೆ ಕಟ್ಟಿರಿ.’ ಕೊಳ್ಳುವವನು ಹಣ ಕೊಡಬೇಕಲ್ಲದೆ ಕೇಳುವುದೇಕೆ ಎಂಬ ಸರಳ ಪ್ರಶ್ನೆ ಆ ಹೊತ್ತಿನಲ್ಲಿ ಹೊಳೆಯುವುದಿಲ್ಲ. ತನ್ನ ಹೆಸರು ಹೇಳಿಕೊಂಡು ಇಂಥ ಶುಲ್ಕ ವಸೂಲು ಮಾಡುವವರ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಹೊರಡಿಸಿತು; ಹಳೆಯ ನೋಟು ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನಿಲ್ಲವೆಂದೂ ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ಸ್ಪಷ್ಟಪಡಿಸಿತು. ಹಣ ಬರಬೇಕಾದಾಗ ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ; ಒತ್ತಿರೆಂದವನು ಗಿರಾಕಿಯಲ್ಲ. ಒತ್ತಿಯೇ ಬಿಟ್ಟಿದ್ದರೆ ಅಳುತ್ತ ಕೂಡದೆ 1930ಕ್ಕೆ ಕರೆ ಮಾಡುವುದು.

ಇನ್ನು ಛಾಪಾ ಕಾಗದದ ಮಾತು. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ, ಮುಧೋಳ ಘೋರ್ಪಡೆಯವರದು. 1948ರಲ್ಲಿ ಎರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಸೀಮೆಯು ಮೈಸೂರು ರಾಜ್ಯಕ್ಕೆ ಬಂದಿತು, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿತು. ಸಂಸ್ಥಾನವು ಮುಗಿದೊಡನೆ ಅದರ ಮುದ್ರೆಯ ಕಾಗದವೂ ಮುಗಿಯಿತು. ಹೊಸದಾಗಿ ಹುಟ್ಟಲಾರದ ವಸ್ತುವೆಂಬ ಕಾರಣಕ್ಕೇ ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಅದನ್ನು ಹುಡುಕುವವರಿದ್ದಾರೆ. ಮಾರುವವರು ಇಲ್ಲಿ ಒಂದೆರಡು ಸಂಗತಿಗಳನ್ನು ಅರಿತಿರುವುದು ಒಳಿತು. ಮುದ್ರೆಯ ಭಾಗವನ್ನು ಮಾತ್ರ ಕತ್ತರಿಸಿ ತೆಗೆದರೆ ಅರ್ಧಕ್ಕರ್ಧ ಬೆಲೆ ಕತ್ತರಿಗೇ ಹೋಯಿತು. ನಾಣ್ಯಕ್ಕೆ ಹುಣಸೆಹಣ್ಣು ತಿಕ್ಕಿ ಹೊಳಪು ಬರಿಸುವುದೂ ಅದೇ ಬಗೆಯ ಅಪರಾಧ. ದೇವರ ಸಾಮಾನಿಗೆ ಒಪ್ಪುವ ಉಪಚಾರ ಹಳೆಯ ನಾಣ್ಯಕ್ಕೆ ಒಪ್ಪದು. ಹರಿದ ಅಂಚು, ಗೆದ್ದಲಿನ ತೂತು, ನೀರಿನ ಕಲೆ ಇವುಗಳನ್ನು ಚಿತ್ರದಲ್ಲಿ ಮರೆಸದೆ ತೋರಿಸಬೇಕು. ಬೆಲೆ ಗೊತ್ತುಮಾಡುವಾಗ ಇತರರು ಕೇಳುತ್ತಿರುವ ಬೆಲೆಯನ್ನು ನೋಡುವುದರಿಂದ ಪ್ರಯೋಜನವಿಲ್ಲ, ಕೇಳುವುದಕ್ಕೆ ತೆರಿಗೆಯೇ? ಇಂಥದೇ ವಸ್ತು ನಿಜವಾಗಿ ಎಷ್ಟಕ್ಕೆ ಹೋಯಿತೆಂಬುದನ್ನು, ಮುಗಿದ ಹರಾಜುಗಳ ಪಟ್ಟಿಯಿಂದ ತಿಳಿಯಬೇಕು.

ಸೊಸೆಯು ಅತ್ತೆಯವರ ಒಪ್ಪಿಗೆ ಪಡೆದೇ ಹಾಳೆಗಳ ಚಿತ್ರ ತೆಗೆದಳು. ಇದೂ ಶಿಷ್ಟಾಚಾರದ ಒಂದು ಅಂಗವೇ. ಮಾಳಿಗೆಯ ಮೇಲಿನ ಟ್ರಂಕು ಯಾರೊಬ್ಬರ ಸ್ವತ್ತೂ ಅಲ್ಲ. ಮಗಳ ಹಾಸ್ಟೆಲಿನ ಫೀ ಕಟ್ಟುವ ದಿನ ಸಮೀಪಿಸಿತ್ತು. ಇಪ್ಪತ್ತೆರಡು ಹಾಳೆಗೆ ಮೂರು ಸಾವಿರವೆಂದು ಬರೆದು ಹಾಕಿದಳು.

ಮೊದಲು ಬಂದ ಸಂದೇಶದಲ್ಲಿ ಎರಡೇ ಪದಗಳಿದ್ದವು: ‘ಲಾಸ್ಟ್ ಎಷ್ಟು?’

ಚಪ್ಪಲಿ ಕಳಚದೆ ನಡುಮನೆಗೆ ಬಂದು ನಿಂತಂತೆ ಈ ಪ್ರಶ್ನೆ. ನಮಸ್ಕಾರವಿಲ್ಲ, ವಸ್ತುವಿನ ಬಗ್ಗೆ ಒಂದು ವಿಚಾರಣೆಯಿಲ್ಲ. ಇದರಲ್ಲಿ ವ್ಯವಹಾರಚಾತುರ್ಯವೂ ಇಲ್ಲ. ತಾನು ಎಷ್ಟು ಕೊಡುವೆನೆಂದು ಹೇಳದೆ ಎದುರಿನವರನ್ನೇ ಅವರ ಬೆಲೆಯಿಂದ ಕೆಳಗಿಳಿಸುವ ಹಟ ಮಾತ್ರ ಇದೆ. ಎರಡನೆಯವನು ‘ಇದು ರದ್ದಿ ಕಾಗದ, ಐನೂರು ಕೊಡುವೆ’ ಎಂದನು. ರದ್ದಿಯಾದರೆ ಐನೂರೇಕೆ? ಕೊಳ್ಳಬಯಸಿದ ವಸ್ತುವನ್ನೇ ಹಳಿಯುವುದು ಸಂತೆಯ ತಂತ್ರಗಳಲ್ಲಿ ಅತ್ಯಂತ ಹಳೆಯದು, ಅತ್ಯಂತ ಅಗ್ಗದ್ದು. ಮೆಣಸಿನಕಾಯಿಯನ್ನು ಹಾಗೆ ಹಳಿದರೆ ಮಾರುವವಳು ನಕ್ಕು ಮಾರುತ್ತರ ಕೊಟ್ಟಾಳು. ಮಾವನವರ ಸಹಿಯಿರುವ ಕಾಗದವನ್ನು ಹಳಿದರೆ ಮನಸ್ಸು ನೋಯುತ್ತದೆ. ಮೂರನೆಯವನು ಎರಡು ಸಾವಿರದೈನೂರಕ್ಕೆ ಒಪ್ಪಿಸಿ, ಕಟ್ಟು ಕಟ್ಟಿ ಸಿದ್ಧವಾದ ಮೇಲೆ, ಬೇರೆಲ್ಲೋ ಕಡಿಮೆಗೆ ಸಿಕ್ಕಿತೆಂದು ಮಾತು ಮುರಿದನು. ಹೇಳಿದ ಬೆಲೆಗೆ ಎದುರಿನವರು ಒಪ್ಪಿದರೆ ವ್ಯಾಪಾರ ಮುಗಿದಂತೆ. ಐದು ಕಡೆ ಒಂದೇ ಸಲ ಬೆಲೆ ಹೇಳಿಟ್ಟು, ಒಂದು ಗಾಳಕ್ಕೆ ಸಿಕ್ಕೊಡನೆ ನಾಲ್ಕನ್ನು ಕೈಬಿಡುವವನಿಗೆ ಸಂತೆಯಲ್ಲಾದರೆ ಮುಂದಿನ ವಾರ ಯಾರೂ ಕೈ ಕೊಡುತ್ತಿರಲಿಲ್ಲ.

ವಿದೇಶದ ಗಿರಾಕಿಯೊಬ್ಬನು ದುಪ್ಪಟ್ಟು ಕೊಡುವೆನೆಂದು ಬರೆದುದೂ ಉಂಟು. ಐತಿಹಾಸಿಕ ಮಹತ್ವವುಳ್ಳ ಎಪ್ಪತ್ತೈದು ವರ್ಷ ದಾಟಿದ ದಾಖಲೆ, ನೂರು ವರ್ಷ ದಾಟಿದ ನಾಣ್ಯ, ಇವು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದಾಚೆ ಕಳಿಸುವಂತಿಲ್ಲ. ಇಂಥಲ್ಲಿ ಚೌಕಾಶಿಗೆ ಅವಕಾಶವೇ ಇಲ್ಲ. ಹೊಲ ಉಳುವಾಗ ಸಿಕ್ಕ ನಾಣ್ಯದ ಗಡಿಗೆಯೂ ಹಾಗೆಯೇ. ಅದು ಮೊದಲು ಸರಕಾರಕ್ಕೆ ತಿಳಿಯಬೇಕಾದ ವಿಷಯ.

ನಾಲ್ಕನೆಯವರು ಬೆಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಗಳು. ಸಂಸ್ಥಾನಗಳ ಛಾಪಾ ಕಾಗದವನ್ನು ಹಲವು ವರ್ಷಗಳಿಂದ ಕೂಡಿಸಿದವರು. ‘ಅಮ್ಮಾ, ನಮಸ್ಕಾರ. ಹಾಳೆಗಳು ಇನ್ನೂ ಇವೆಯೇ? ಇದ್ದರೆ ಹಿಂಬದಿಯ ಚಿತ್ರವನ್ನೂ ದಯವಿಟ್ಟು ಕಳಿಸಬಹುದೇ?’ ಎಂದು ಬರೆದರು. ‘ಅದಾವ್ರಿ ಸಾಹೇಬರ, ಸಂಜೀಕ ಕಳಸ್ತೀನ್ರಿ’ ಎಂದು ಉತ್ತರ ಬಂದಿತು. ಸಂಜೆ ಚಿತ್ರಗಳು ಬಂದವು. ಅವರ ಅಂದಾಜಿನಲ್ಲಿ ಅವು ಏನಿಲ್ಲೆಂದರೂ ಎಂಟು ಸಾವಿರದ ವಸ್ತು. ಆಕೆ ಕೇಳಿದ್ದು ಮೂರು.

ಇಲ್ಲಿಯೇ ನಿಜವಾದ ಇಕ್ಕಟ್ಟು. ಸಂಗ್ರಾಹಕರ ವಲಯದಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ವರ್ಷಗಟ್ಟಲೆ ಪುಸ್ತಕ ತಿರುವಿ, ಮೋಸಹೋಗಿ, ಹಣ ಕಳೆದುಕೊಂಡು ಗಳಿಸಿದ ತಿಳಿವಳಿಕೆಗೆ ಒಂದು ಪ್ರತಿಫಲ ಬೇಡವೇ, ಅಂಗಡಿಕಾರನು ಹೆಚ್ಚು ಹೇಳಿದಾಗ ಯಾರಾದರೂ ತಮ್ಮ ಪರವಾಗಿ ಕಡಿಮೆ ಮಾಡಿಸುವರೇ ಎಂದು ಕೆಲವರು ಕೇಳುತ್ತಾರೆ. ಅಂಗಡಿ ಇಟ್ಟು ಕೂತವನೊಡನೆ ಈ ವಾದ ಸಲ್ಲುತ್ತದೆ. ಬೆಲೆ ತಿಳಿಯುವುದು ಅವನ ಕಸುಬು. ತಪ್ಪಿದರೆ ನಷ್ಟ ಅವನದೇ. ಜೀವಮಾನದಲ್ಲಿ ಒಮ್ಮೆ ಮಾತ್ರ ಮಾರುವ ಗೃಹಿಣಿಯೊಡನೆ ಅದೇ ವಾದವನ್ನು ಹೂಡುವುದು ಅಷ್ಟು ಸಲೀಸಲ್ಲ. ಕೇಳಿದ ಮೂರು ಸಾವಿರವನ್ನು ತಕ್ಷಣ ಕೊಟ್ಟು ಸುಮ್ಮನಿದ್ದವನನ್ನು ಕಳ್ಳನೆನ್ನಲಾಗದು. ಆದರೆ ಎಂಟು ಸಾವಿರದ್ದೆಂದು ಬಲ್ಲವನು ಮೂರರಿಂದಲೂ ಕೆಳಗೆ ಎಳೆಯತೊಡಗಿದರೆ, ಇಂಥದಕ್ಕೆ ಇಷ್ಟು ಬೆಲೆಯಿಲ್ಲವೆಂದು ಬಾಯಿ ಬಿಟ್ಟರೆ, ಅದಕ್ಕೆ ಚೌಕಾಶಿಯೆಂಬ ಹೆಸರು ತಕ್ಕುದಲ್ಲ. ನಗರದ ದೊಡ್ಡ ಮಳಿಗೆಯಲ್ಲಿ ಚೀಟಿಯ ಮೇಲಿನ ಬೆಲೆಗೆ ತುಟಿ ಬಿಚ್ಚದವರೇ ಹಳ್ಳಿಯ ಮನೆಯವರೊಡನೆ ಇನ್ನೂರು ರೂಪಾಯಿಗೆ ಎರಡು ದಿನ ಕಾದಾಡುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ.

ಮತ್ತೊಂದು ಪ್ರಶ್ನೆಯನ್ನು ಸಭ್ಯನಾದ ಗಿರಾಕಿ ಕೇಳುವುದಿಲ್ಲ: ‘ಯಾಕೆ ಮಾರುತ್ತಿದ್ದೀರಿ?’ ಕುಶಲಪ್ರಶ್ನೆಯಂತೆ ತೋರಿದರೂ ಅದು ಅವಸರವೆಷ್ಟೆಂದು ಅಳೆಯುವ ಕೋಲು. ಅವಸರವಿದ್ದವರು ಕಡಿಮೆಗೆ ಒಪ್ಪುತ್ತಾರಲ್ಲವೆ?

ಅಧಿಕಾರಿಗಳು ಆ ರಾತ್ರಿ ಉತ್ತರ ಬರೆಯಲಿಲ್ಲ. ಬರೆಯದಿರುವುದಕ್ಕೆ ಬೇರೊಂದು ಕಾರಣವೂ ಇತ್ತು. ಹನ್ನೊಂದನೆಯ ಹಾಳೆ ಮೋಡಿ ಲಿಪಿಯಲ್ಲಿತ್ತು. ಆ ಸೀಮೆಯ ಹಳೆಯ ಮರಾಠಿ ಕಾಗದಗಳಲ್ಲಿ ಆ ಮುರಿಯದೆ ಓಡುವ ಬರವಣಿಗೆ ಸಾಮಾನ್ಯ. ಇಂದು ಓದಬಲ್ಲವರು ವಿರಳ. ಸಂಗ್ರಾಹಕನಿಗೆ ಸಾಮಾನ್ಯವಾಗಿ ಬೇಕಾದದ್ದು ಮುದ್ರೆ, ಬರಹವಲ್ಲ. ಅವರಿಗೆ ಮಾತ್ರ ಬರಹವನ್ನು ಓದಿಸದೆ ಕೊಳ್ಳುವ ಅಭ್ಯಾಸವಿರಲಿಲ್ಲ. ‘ಓದಿಸಿ ನೋಡಲು ಎರಡು ದಿನ ಸಮಯ ಬೇಕು ಅಮ್ಮಾ; ಅಷ್ಟರೊಳಗೆ ಬೇರೆಯವರು ಕೇಳಿದರೆ ಧಾರಾಳವಾಗಿ ಕೊಡಿ’ ಎಂದು ಬೆಳಗ್ಗೆ ಬರೆದು, ಚಿತ್ರವನ್ನು ಬೆಳಗಾವಿಯ ಸ್ನೇಹಿತರಿಗೆ ಕಳಿಸಿದರು. ಸಮಯ ಕೇಳುವುದು ತಪ್ಪಲ್ಲ. ಬೆಲೆ ಹೇಳದೆ ವಸ್ತುವನ್ನು ವಾರಗಟ್ಟಲೆ ಕಟ್ಟಿಹಾಕುವುದು ತಪ್ಪು.

ಮೂರನೆಯ ದಿನ ಸಂದೇಶಕ್ಕೆ ಬದಲು ಕರೆಯೇ ಬಂದಿತು.

‘ಅಮ್ಮಾ, ಹನ್ನೊಂದನೆಯ ಹಾಳೆಯನ್ನು ಮಾರಬೇಡಿ. ಅದು ವಾಟಣಿ ಪತ್ರ. ನಿಮ್ಮ ಮಾವನವರ ತಂದೆಗೂ ಅವರ ಅಣ್ಣನಿಗೂ ಹೊಲ ಹಂಚಿದ್ದು. ಸರ್ವೆ ನಂಬರು, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಸಾಕ್ಷಿಗಳ ಸಹಿ ಎಲ್ಲವೂ ಇದೆ. ವಕೀಲರಿಗೆ ತೋರಿಸಿ.’

ಆ ಕಡೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಹೊಲದ ಬದುವಿನ ವಿಷಯವಾಗಿ ದಾಯಾದಿಗಳೊಡನೆ ವ್ಯಾಜ್ಯ ನಡೆದು ಆಗಲೇ ಆರು ವರ್ಷಗಳಾಗಿದ್ದವು. ಕಾಗದ ಇಲ್ಲವೆಂದೇ ಮನೆಯವರು ತಿಳಿದಿದ್ದರು. ಎರಡು ಸಾವಿರದೈನೂರಕ್ಕೆ ಅದು ಕಟ್ಟು ಕಟ್ಟಿ ಅಂಚೆಗೆ ಸಿದ್ಧವಾಗಿತ್ತೆಂಬುದನ್ನು ನೆನೆದು ಅತ್ತೆಯವರು ಕುಳಿತಲ್ಲಿಯೇ ಕೈ ಮುಗಿದರು.

‘ಸಾಹೇಬರ, ಉಳಿದದ್ದನ್ನ ನೀವು ಹಂಗ ಒಯ್ಯಿರಿ. ರೊಕ್ಕ ಬ್ಯಾಡ’ ಎಂದರು ಅವರು, ಸೊಸೆಯ ಕೈಯಿಂದ ಫೋನನ್ನು ತೆಗೆದುಕೊಂಡು.

ಇಲ್ಲಿಂದ ಚೌಕಾಶಿ ತಿರುಗುಮುರುಗಾಯಿತು. ಅಧಿಕಾರಿಗಳು ಏಳು ಸಾವಿರವೆಂದರು. ಅತ್ತೆಯವರು ಕೇಳಿದ್ದೇ ಮೂರು, ಅದರ ಮೇಲೆ ಒಂದು ಪೈಸೆ ಬೇಡವೆಂದರು. ಇಪ್ಪತ್ತೊಂದು ಹಾಳೆಗೆ ತಮ್ಮ ಅಂದಾಜು ಅಷ್ಟಿದೆ, ಕಡಿಮೆ ಕೊಟ್ಟರೆ ಆಲ್ಬಮನ್ನು ತೆರೆದಾಗಲೆಲ್ಲ ಮುಜುಗರವಾಗುತ್ತದೆಂದು ಅವರು. ಉಪಕಾರ ಮಾಡಿದವರಿಂದ ಹೆಚ್ಚು ತೆಗೆದುಕೊಂಡರೆ ತಮಗೆ ಊಟ ಸೇರದೆಂದು ಇವರು. ನಡುವೆ ಸೊಸೆ ಮೊಮ್ಮಗಳ ಫೀಯ ದಿನವನ್ನು ಮೆಲ್ಲನೆ ನೆನಪಿಸಿದಳು. ಕೊನೆಗೆ ಬೆಲೆಯು ಆರು ಸಾವಿರಕ್ಕೆ ನಿಂತಿತು. ವಾಟಣಿ ಪತ್ರವನ್ನು ಓದಿಸಿ ಕನ್ನಡದಲ್ಲಿ ಬರೆದ ಪ್ರತಿಯೊಂದು ಬೆಂಗಳೂರಿನಿಂದ ಬಂದಿತು. ಮೂಲವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಟ್ರಂಕಿನಿಂದ ದೇವರ ಕೋಣೆಯ ಕಪಾಟಿಗೆ ವರ್ಗಾಯಿಸಲಾಯಿತು.

ಸ್ಪೀಡ್ ಪೋಸ್ಟಿನ ಖರ್ಚು ಯಾರದೆಂಬ ಬಗ್ಗೆ ಮಾತ್ರ ಇನ್ನೂ ಎರಡು ದಿನ ಕೊಸರಾಟ ನಡೆಯಿತು.